ಡಾನಿಂಗ್ಟನ್ನಿನ ಓಟ

ಯಂತ್ರವಾಹನಗಳ ಪಂದ್ಯವೆಂದೊಡನೆ ನಮ್ಮ ಕಣ್ಣಮುಂದೆ ಸುಳಿಯುವುದು ಕಿವಿಗಡಚಿಕ್ಕುವ ಸದ್ದು, ಮಿಂಚಿನಂತೆ ಹಾದುಹೋಗುವ ಕಾರುಗಳು ಹಾಗೂ ವಿಜಯವೇದಿಕೆಯ ಮೇಲೆ ನಿಂತ ಚಾಲಕ. ಆ ವೇದಿಕೆಯನ್ನು ಮುಟ್ಟುವ ಮೆಟ್ಟಿಲುಗಳು ಬಹು ಕೆಳಗಿನಿಂದ ಆರಂಭವಾಗುತ್ತವೆ. ಬಾಲಕರು ಮೊದಲು ‘ಕಾರ್ಟ್’ ಎಂಬ ಪುಟ್ಟ ವಾಹನವನ್ನು ನಡೆಸಲು ಕಲಿಯುತ್ತಾರೆ. ಅದರಲ್ಲಿ ಪಳಗಿದವರು ಮುಂದೆ ಏಕಾಸನ ಕಾರನ್ನು ಏರುತ್ತಾರೆ. ಈ ಕಾರಿನಲ್ಲಿ ಒಬ್ಬನಿಗೆ ಮಾತ್ರ ಸ್ಥಳ, ಮೇಲೆ ಛಾವಣಿಯಿಲ್ಲ, ನಾಲ್ಕು ಚಕ್ರಗಳೂ ಹೊರಗೆ ತೆರೆದುಕೊಂಡಿರುತ್ತವೆ. ಇಂತಹ ಕಾರುಗಳ ಪಂದ್ಯಗಳಲ್ಲಿ ಮೊದಲ ಮೆಟ್ಟಿಲು ಫಾರ್ಮುಲಾ ನಾಲ್ಕು. ಕೊನೆಯದು ಜಗತ್ಪ್ರಸಿದ್ಧವಾದ ಫಾರ್ಮುಲಾ ಒಂದು.

ಬ್ರಿಟನ್ ದೇಶದಲ್ಲಿ ಫಾರ್ಮುಲಾ ನಾಲ್ಕರ ರಾಷ್ಟ್ರೀಯ ಚಾಂಪಿಯನ್‌ಷಿಪ್ 2015ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ, ಮರುವರ್ಷ ಈಗಿನ ಹೆಸರನ್ನು ಪಡೆಯಿತು. ಹದಿನೈದು ವರ್ಷ ತುಂಬಿದವರು ಇದರಲ್ಲಿ ಭಾಗವಹಿಸಬಹುದು. ನಮ್ಮಲ್ಲಿ ಒಂಬತ್ತನೆಯ ತರಗತಿಯನ್ನು ಮುಗಿಸುವ ವಯಸ್ಸದು! ಋತುವಿನಲ್ಲಿ ಹತ್ತು ಸುತ್ತುಗಳು. ಒಂದೊಂದು ಸುತ್ತು ಒಂದೊಂದು ವಾರಾಂತ್ಯದಲ್ಲಿ ನಡೆಯುವುದು. ಪ್ರತಿ ಸುತ್ತಿನಲ್ಲಿ ಮೂರು ಓಟಗಳಿರುತ್ತವೆ. ಎಲ್ಲರ ಕಾರಿನ ಚೌಕಟ್ಟೂ ಎಂಜಿನ್ನೂ ಒಂದೇ ಬಗೆಯವು. ಹಣಬಲಕ್ಕಿಂತ ಚಾಲಕನ ಕೌಶಲವೇ ಮುಂದಾಗಲಿ ಎಂಬುದು ಈ ನಿಯಮದ ಉದ್ದೇಶ.

2017ರ ಏಪ್ರಿಲ್ ತಿಂಗಳಲ್ಲಿ ಆ ವರ್ಷದ ಎರಡನೆಯ ಸುತ್ತು ಡಾನಿಂಗ್ಟನ್ ಪಾರ್ಕ್ ಎಂಬಲ್ಲಿ ನಡೆಯಿತು. ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದಲ್ಲಿರುವ ಈ ಓಟದ ಹಾದಿ 1930ರ ದಶಕದಷ್ಟು ಹಳೆಯದು. 1938ರಲ್ಲಿ ಇಟಲಿಯ ಪ್ರಖ್ಯಾತ ಚಾಲಕ ಟಾಜಿಯೊ ನುವೊಲಾರಿಯೂ, 1993ರಲ್ಲಿ ಬ್ರೆಜಿಲ್ ದೇಶದ ಐರ್ಟನ್ ಸೆನ್ನಾನೂ ಜಯಗಳಿಸಿದ ನೆಲವದು. ಏಪ್ರಿಲ್ 16, ಭಾನುವಾರ, ಈಸ್ಟರ್ ಹಬ್ಬ. ಓಟಕ್ಕೆ ಸಿದ್ಧರಾಗಿ ನಿಂತ ತರುಣರಲ್ಲಿ ಬಿಲ್ಲಿ ಮಾಂಗರ್ ಎಂಬುವನೂ ಒಬ್ಬ. ಸರ್ರೆ ಪ್ರಾಂತದ ಈ ಹುಡುಗನಿಗೆ ಆಗ ಹದಿನೇಳು ವರ್ಷ.

ಓಟವು ನಡೆಯುತ್ತಿದ್ದಾಗ ಮತ್ತೊಬ್ಬ ಸ್ಪರ್ಧಿಯ ಕಾರು ಹಾದಿಯಲ್ಲಿಯೇ ನಿಂತುಬಿಟ್ಟಿತು. ಹಿಂದಿನಿಂದ ಗುಂಪಾಗಿ ಬರುತ್ತಿದ್ದ ಕಾರುಗಳು ಒಂದೊಂದಾಗಿ ಪಕ್ಕಕ್ಕೆ ಸರಿದು ಪಾರಾದವು. ಮುಂದಿದ್ದ ಕಾರುಗಳ ಮರೆಯಲ್ಲಿದ್ದ ಬಿಲ್ಲಿಗೆ ನಿಂತ ಕಾರು ಕಾಣಿಸಲಿಲ್ಲ. ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಚಲಿಸುವ ವಾಹನವು ಒಂದು ಸೆಕೆಂಡಿಗೆ 50 ಮೀಟರ್ ದೂರವನ್ನು ಕ್ರಮಿಸುತ್ತದೆ. ಅಪಾಯವನ್ನು ಕಂಡು, ಅರಿತು, ಕಾಲನ್ನು ಬ್ರೇಕಿನ ಮೇಲಿಡಲು ಅರ್ಧ ಸೆಕೆಂಡ್ ಹಿಡಿದರೂ ವಾಹನವು 25 ಮೀಟರ್ ಮುಂದೆ ಸಾಗಿರುತ್ತದೆ. ಎಂತಹ ನಿಪುಣನಾದರೂ ಕಾಣದುದರಿಂದ ತಪ್ಪಿಸಿಕೊಳ್ಳಲಾರನು. ಬಿಲ್ಲಿಯ ಕಾರು ನಿಂತಿದ್ದ ಕಾರಿಗೆ ಹಿಂದಿನಿಂದ ಅಪ್ಪಳಿಸಿತು.

ಒಡನೆಯೇ ಕೆಂಬಾವುಟ ಮೇಲೆದ್ದಿತು. ಓಟವು ನಿಂತಿತು. ಹಾದಿಯ ಅಂಚಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲರು ಆ ದೇಶದಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರೂ ವೈದ್ಯರೂ ಧಾವಿಸಿ ಬಂದರು. ಜಜ್ಜಿಹೋದ ಕಾರಿನೊಳಗೆ ಕಾಲುಗಳು ಸಿಕ್ಕಿಕೊಂಡಿದ್ದ ಹುಡುಗನನ್ನು ಹೊರತೆಗೆಯಲು ಒಂದು ಗಂಟೆಗೂ ಮೀರಿದ ಕಾಲ ಬೇಕಾಯಿತು. ಹೆಲಿಕಾಪ್ಟರಿನಲ್ಲಿ ನಾಟಿಂಗ್‌ಹ್ಯಾಮ್ ನಗರದ ಆಸ್ಪತ್ರೆಗೆ ಸಾಗಿಸಿದರು. ವೈದ್ಯರು ಅವನ ಪ್ರಾಣವನ್ನು ಉಳಿಸಿದರು. ಆದರೆ ಎರಡು ಕಾಲುಗಳನ್ನೂ ಕತ್ತರಿಸಿ ತೆಗೆಯದೆ ವಿಧಿಯಿರಲಿಲ್ಲ.

ಸುದ್ದಿಯು ದೇಶದೇಶಗಳಿಗೆ ಹರಡಿತು. ಚಿಕಿತ್ಸೆಗಾಗಿ ತೆರೆದ ನಿಧಿಗೆ ಕೆಲವೇ ದಿನಗಳಲ್ಲಿ ನಿರೀಕ್ಷೆಗೂ ಮೀರಿದ ಹಣ ಹರಿದುಬಂದಿತು. ಪ್ರಸಿದ್ಧ ಚಾಲಕರೊಡನೆ ಹೆಸರು ಹೇಳಲಿಚ್ಛಿಸದ ಸಾವಿರಾರು ಸಾಮಾನ್ಯರೂ ನೆರವಾದರು.

ಇಂತಹ ಆಘಾತದ ಬಳಿಕ ಮತ್ತೆ ಓಟದ ಹಾದಿಯತ್ತ ಮುಖಮಾಡುವವರು ವಿರಳ. ಬಿಲ್ಲಿಯಾದರೋ ಕೆಲವೇ ತಿಂಗಳುಗಳಲ್ಲಿ ಕೃತಕ ಕಾಲುಗಳ ಮೇಲೆ ನಡೆಯಲು ಕಲಿತು, ಅದೇ ವರ್ಷದ ಬೇಸಗೆಯಲ್ಲಿ ಪಂದ್ಯದ ಕಾರೊಂದನ್ನು ನಡೆಸಿ ನೋಡಿದನು. ಆದರೆ ಅವನ ಮುಂದೆ ಇನ್ನೊಂದು ಗೋಡೆಯಿತ್ತು. ಅಂಗವಿಕಲರು ಅಂತರರಾಷ್ಟ್ರೀಯ ಏಕಾಸನ ಪಂದ್ಯಗಳಲ್ಲಿ ಭಾಗವಹಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಅಪಘಾತವಾದಾಗ ಚಾಲಕನು ತಾನಾಗಿಯೇ ಬೇಗನೆ ಕಾರಿನಿಂದ ಹೊರಬರಬೇಕೆಂಬುದು ಈ ಕ್ರೀಡೆಯ ಮುಖ್ಯ ನಿಬಂಧನೆ. ಹೀಗಾಗಿ ಆ ನಿಷೇಧವನ್ನು ಬರಿಯ ಕ್ರೌರ್ಯವೆನ್ನುವಂತಿರಲಿಲ್ಲ. ಬಿಲ್ಲಿ ಮತ್ತು ಅವನ ಕಡೆಯವರು ಕನಿಕರವನ್ನು ಬೇಡಲಿಲ್ಲ. ತನ್ನ ಸಾಮರ್ಥ್ಯವನ್ನು ಪರೀಕ್ಷಿಸಿರೆಂದು ಕೇಳಿದರು. ಆ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಸಂಸ್ಥೆಯು ನಿಯಮವನ್ನು ಸಡಿಲಿಸಿತು. ಕಾರಿನಲ್ಲಿಯೂ ಮಾರ್ಪಾಟುಗಳಾದವು. ವೇಗವನ್ನು ಹೆಚ್ಚಿಸುವ ಸನ್ನೆಯನ್ನು ಚುಕ್ಕಾಣಿಯ ಬಳಿ ಕೈಗೆಟುಕುವಂತೆ ಜೋಡಿಸಲಾಯಿತು. ಬ್ರೇಕನ್ನು ಅವನು ಕೃತಕ ಕಾಲಿನಿಂದಲೇ ಒತ್ತುತ್ತಿದ್ದನು.

2018ರ ಮಾರ್ಚ್ 31ರಂದು ಔಲ್ಟನ್ ಪಾರ್ಕಿನಲ್ಲಿ ಬ್ರಿಟಿಷ್ ಫಾರ್ಮುಲಾ ಮೂರರ ಮೊದಲ ಓಟ. ಡಾನಿಂಗ್ಟನ್ನಿನ ದುರಂತಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೊದಲಿಗಿಂತ ಒಂದು ಮೆಟ್ಟಿಲು ಮೇಲಿನ ಆ ಪಂದ್ಯದಲ್ಲಿ ಬಿಲ್ಲಿ ಮೂರನೆಯವನಾಗಿ ಗುರಿ ಮುಟ್ಟಿ, ವಿಜಯವೇದಿಕೆಯನ್ನೇರಿದನು. ಆ ವರ್ಷದ ಚಾಂಪಿಯನ್‌ಷಿಪ್ಪಿನಲ್ಲಿ ಮೂರನೆಯ ಸ್ಥಾನವನ್ನು ಪಡೆದವನು ಬೆಂಗಳೂರಿನ ಕುಶ್ ಮೈನಿ ಎಂಬುದು ಕನ್ನಡಿಗರಿಗೆ ಸಂತಸದ ವಿಷಯ. 2019ರ ಮೇ ತಿಂಗಳಲ್ಲಿ ಫ್ರಾನ್ಸಿನ ಪೋ ನಗರದ ಬೀದಿಗಳಲ್ಲಿ ಓಟವೊಂದು ಜರುಗಿತು. ಹಾದಿ ಒದ್ದೆಯಾಗಿತ್ತು. ಹನ್ನೊಂದನೆಯ ಸ್ಥಾನದಿಂದ ಹೊರಟ ಬಿಲ್ಲಿ ಮಳೆಗೆ ತಕ್ಕ ಟೈರುಗಳನ್ನು ಹಾಕಿಸಿಕೊಂಡು ಮುನ್ನುಗ್ಗಿ, ಮುಂದಿದ್ದವರು ಪರಸ್ಪರ ತಾಗಿ ಹಿಂದುಳಿದಾಗ, ಮೊದಲಿಗನಾಗಿ ಓಟವನ್ನು ಗೆದ್ದನು.

ಡಾನಿಂಗ್ಟನ್ನಿನ ಆ ಸುತ್ತಿನ ಕೊನೆಯ ಓಟವು ನಡುವೆಯೇ ನಿಂತುಹೋಯಿತು. ಅಂದು ಹಾದಿಯ ಅಂಚಿನಿಂದ ಓಡಿಬಂದ ಸ್ವಯಂಸೇವಕರ ಕೈಗಳು, ವೈದ್ಯರ ಜಾಣ್ಮೆ, ಅಪರಿಚಿತರ ಔದಾರ್ಯ, ಕಟ್ಟಳೆಯನ್ನು ಮತ್ತೆ ಪರಿಶೀಲಿಸಿದವರ ವಿವೇಕ, ಇವೆಲ್ಲವೂ ಕೂಡಿ ಒಬ್ಬ ತರುಣನ ಓಟವನ್ನು ಮುಂದುವರಿಸಿದವು. ಏಕಾಸನ ಕಾರಿನಲ್ಲಿ ಕುಳಿತುಕೊಳ್ಳುವವನು ಒಬ್ಬನೇ. ಆದರೆ ಅದನ್ನು ಗುರಿಯತ್ತ ಮುಟ್ಟಿಸುವವರು ಹಲವರು.