ಟೋಕನ್ ತಗೊಳ್ಳೋ ಮುಂಚೆ ಒಂದು ಗಂಟೆ

"ಮೂವತ್ತೊಂದು ಲಕ್ಷ ಕ್ಯಾಶ್ ಕೊಡ್ತಾರಂತೆ ಕಣ್ರೋ!" 2025ರ ಸೆಪ್ಟೆಂಬರಿನಲ್ಲಿ ಹಾಸ್ಟೆಲ್ ಗೆಳೆಯನೊಬ್ಬ ಮನೆಯಿಂದ ಬಂದ ಫೋನ್ ಇಟ್ಟು ಹೀಗಂದಾಗ ನಮಗೆಲ್ಲ ಖುಷಿಯೇ ಆಯ್ತು. ಹಾಸನದಲ್ಲಿ ಅವನ ತಾತ 1989ರಲ್ಲಿ ಕಟ್ಟಿಸಿದ ಮನೆ. ತಾತ ತೀರಿಕೊಂಡ ಮೇಲೆ ಅಜ್ಜಿ ಒಬ್ಬರೇ ಅಲ್ಲಿದ್ದಾರೆ, ಈಗ ಮಂಡಿನೋವು. ಅಪ್ಪನ ತಲೆ ಮೇಲೆ ಅಕ್ಕನ ಮದುವೆ ಸಾಲ, ಇವನ ಎಜುಕೇಶನ್ ಲೋನ್. ಮನೆ ಮಾರಿದರೆ ಎಲ್ಲ ತೀರುತ್ತೆ.

ಬ್ರೋಕರ್ ಹೇಳಿದ ಲೆಕ್ಕ ಇಷ್ಟು. ಒಟ್ಟು ಬೆಲೆ 80 ಲಕ್ಷ. ಸರ್ಕಾರದ ಮಾರ್ಗಸೂಚಿ ಬೆಲೆ 47 ಲಕ್ಷ, ಆದ್ದರಿಂದ ಕ್ರಯಪತ್ರದಲ್ಲಿ 49 ಅಂತ ಬರೆಸೋಣ, ಉಳಿದ 31 ನಗದು. 49 ಯಾಕೆ? 50 ಮುಟ್ಟಿದರೆ ಕೊಳ್ಳುವವರು 1% ಟಿಡಿಎಸ್ ಕಟ್ಟಬೇಕು, ಆ ತಲೆನೋವೂ ಬೇಡ ಅಂತ. "ನಿಮಗೂ ಟ್ಯಾಕ್ಸ್ ಉಳಿಯುತ್ತೆ ಸಾರ್. ನಾಳೆ ಒಳ್ಳೇ ದಿನ, ಐದು ಲಕ್ಷ ಟೋಕನ್ ತಗೊಂಡ್ಬಿಡಿ."

ಕನ್ನಡ ಸಂಘದ ಪತ್ರಿಕೆಯಲ್ಲಿ ಟ್ಯಾಕ್ಸ್ ಪಾಠ ಯಾಕೆ ಅಂತ ಮೂಗು ಮುರಿಯಬೇಡಿ. ನಮ್ಮಲ್ಲಿ ಎಷ್ಟೋ ಜನರ ಫೀಸಿನ ಹಿಂದೆ ಒಂದು ಸೈಟೋ, ಮನೆಯೋ, ತೋಟವೋ ಇದೆ. ಮಾರೋ ಮಾತು ಬಂದಾಗ ಮನೆಯಲ್ಲಿ ಮೊದಲು ಕೇಳೋದು ಬ್ರೋಕರನ್ನ, ಆಮೇಲೆ ಜೋಯಿಸರನ್ನ. ಆಡಿಟರ್ ಹತ್ತಿರ ಹೋಗೋದು ನೋಟಿಸ್ ಬಂದ ಮೇಲೆ.

ಗೆಳೆಯನ ಅಪ್ಪ ಅದೃಷ್ಟಕ್ಕೆ ಎರಡು ದಿನ ಟೈಮ್ ಕೇಳಿ ಒಬ್ಬ ಆಡಿಟರನ್ನೂ ಒಬ್ಬ ವಕೀಲರನ್ನೂ ಕಂಡರು. ಇವನೂ ಜೊತೆಗೆ ಹೋಗಿ, ಬರೆದುಕೊಂಡು ಬಂದದ್ದನ್ನು ನಮಗೆ ತೋರಿಸಿದ. ಇಂಜಿನಿಯರಿಂಗ್ ಹುಡುಗರಲ್ಲವೇ, ಕ್ಯಾಲ್ಕುಲೇಟರ್ ಹಿಡಿದು ಕೂತೆವು.

ಮನೆ 2001ಕ್ಕಿಂತ ಹಳೆಯದು. ಹಾಗಾಗಿ ತಾತ ಕೊಟ್ಟ ಹಣದ ಬದಲು 2001ರ ಏಪ್ರಿಲ್ 1ರಂದು ಅದಕ್ಕಿದ್ದ ಬೆಲೆಯನ್ನೇ ಖರ್ಚು ಅಂತ ಹಿಡಿಯಬಹುದು. ಅದನ್ನು ನೋಂದಾಯಿತ ವ್ಯಾಲ್ಯುಯರ್ ಲೆಕ್ಕ ಹಾಕಿ ಬರೆದುಕೊಡುತ್ತಾರೆ, ಆದರೆ ಅಂದಿನ ಸರ್ಕಾರಿ ಬೆಲೆಯನ್ನು ಮೀರುವಂತಿಲ್ಲ. ಈ ಮನೆಗೆ ಸುಮಾರು 6 ಲಕ್ಷ. 80 ಲಕ್ಷಕ್ಕೆ ಮಾರಿದರೆ ಲಾಭ 74 ಲಕ್ಷ, 12.5% ತೆರಿಗೆ ಅಂದರೆ 9.25 ಲಕ್ಷ. 2024ರ ಜುಲೈ 23ಕ್ಕೆ ಮುಂಚಿನ ಆಸ್ತಿಯಾದ್ದರಿಂದ ಹಣದುಬ್ಬರ ಕಳೆದು 20% ಕಟ್ಟುವ ಹಳೇ ದಾರಿಯೂ ಉಂಟು. ಇಲ್ಲಿ ಅದು ಸುಮಾರು 11.49 ಲಕ್ಷ, ಬೇಡ.

49ಕ್ಕೆ ತೋರಿಸಿದರೆ? ಲಾಭ 43, ತೆರಿಗೆ 5.375 ಲಕ್ಷ. ಅಂದರೆ ಬ್ರೋಕರ್ ಹೇಳಿದ "ಉಳಿತಾಯ" 3,87,500 ರೂಪಾಯಿ.

ಇನ್ನು ಎದುರಿನ ತಟ್ಟೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಪ್ರಕಾರ ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ. ಮುಂಗಡವೂ ಸೇರಿ. 2015ರ ಜೂನ್ 1ರಿಂದ ಈ ನಿಯಮ. ಮೀರಿದರೆ ದಂಡ ಎಷ್ಟು ಗೊತ್ತಾ? ತಗೊಂಡಷ್ಟೂ. 31 ಲಕ್ಷ ತಗೊಂಡರೆ 31 ಲಕ್ಷ. ಅದೂ ಈ ದಂಡ ಬೀಳೋದು ತಗೊಂಡವರಿಗೆ, ಕೊಟ್ಟವರಿಗಲ್ಲ. ನಾವು ಎರಡೆರಡು ಸಲ ಓದಿದ್ದು ಇದನ್ನೇ. ನಾಲ್ಕು ಲಕ್ಷ ಉಳಿಸೋಕೆ ಮೂವತ್ತೊಂದು ಲಕ್ಷ ಪಣಕ್ಕಿಡೋದು! ತೆರಿಗೆ, ಬಡ್ಡಿ ಬೇರೆ.

"ಯಾರಿಗೆ ಗೊತ್ತಾಗುತ್ತೆ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಕೊಂಡವರ ಮನೆಗೆ ನಾಳೆ ದಾಳಿ ಆಗಿ ಡೈರಿ ಸಿಕ್ಕರೆ ಗೊತ್ತಾಗುತ್ತೆ. ಜಗಳವಾಗಿ ಕೋರ್ಟಿಗೆ ಹೋದರೂ ಗೊತ್ತಾಗುತ್ತೆ. ಬೆಂಗಳೂರಿನ ಆಸ್ತಿಯೊಂದಕ್ಕೆ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆ ಅಂತ ದಾವೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಒಂದು ಆದೇಶ ಕೊಟ್ಟಿತು: 2 ಲಕ್ಷ ಮತ್ತು ಮೇಲ್ಪಟ್ಟ ನಗದಿನ ಮಾತು ದಾವೆಯಲ್ಲಿ ಬಂದರೆ ಕೋರ್ಟೇ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು.

ಬೇರೆ ತೊಂದರೆಯೂ ಇದೆ. ನೋಂದಣಿ ಮುಗಿದ ಮೇಲೆ ಕೊಳ್ಳುವವರು "ಉಳಿದ ಹತ್ತು ಲಕ್ಷ ಹಬ್ಬ ಆದ್ಮೇಲೆ" ಅಂದರೆ ಯಾರನ್ನು ಕೇಳ್ತೀರಿ? ಪೂರ್ತಿ ಹಣ ಮುಟ್ಟಿದೆ ಅಂತ ಕ್ರಯಪತ್ರಕ್ಕೆ ನೀವೇ ಸಹಿ ಹಾಕಿರ್ತೀರಿ. ಬಂದ ನಗದನ್ನಾದರೂ ಬ್ಯಾಂಕಿನ ಸಾಲಕ್ಕೆ ಕಟ್ಟೋಣ ಅಂದರೆ ಎಲ್ಲಿಂದ ಬಂತು ಅಂತ ತೋರಿಸಬೇಕು. ಸಾಲ ತೀರಿಸೋಕೆ ಮನೆ ಮಾರಿ, ಆ ಹಣದಿಂದ ಸಾಲ ತೀರಿಸೋಕಾಗದೆ ಬೀರುವಿನಲ್ಲಿಟ್ಟು ಕಾಯೋದು. 2016ರ ನವೆಂಬರ್ 8ರ ರಾತ್ರಿ ಅಂಥ ಬೀರುಗಳ ಗತಿ ಏನಾಯ್ತು ಅಂತ ನಮಗಿಂತ ನಮ್ಮ ಅಪ್ಪಂದಿರಿಗೆ ಚೆನ್ನಾಗಿ ನೆನಪಿದೆ.

ವಕೀಲರು ಕೇಳಿದ್ದು ಬೇರೆಯೇ ಪ್ರಶ್ನೆ: "ಮಾರೋರು ಯಾರು?" ಖಾತೆ ಅಪ್ಪನ ಹೆಸರಿಗಾಗಿತ್ತು, ಇ-ಖಾತಾನೂ ಬಂದಿತ್ತು. ಆದರೆ ಖಾತೆ ಅನ್ನೋದು ಕಂದಾಯ ಕಟ್ಟೋಕಿರುವ ದಾಖಲೆ, ಒಡೆತನದ ಪತ್ರ ಅಲ್ಲ. ತಾತನ ಸ್ವಂತ ಸಂಪಾದನೆಯ ಮನೆ, ಉಯಿಲು ಬರೆದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಜ್ಜಿ, ಅಪ್ಪ, ಇಬ್ಬರು ಅತ್ತೆಯರು, ನಾಲ್ವರಿಗೂ ಸಮಪಾಲು. ಅತ್ತೆಯರ ಸಹಿ ಇಲ್ಲದೆ ಟೋಕನ್ ತಗೊಂಡಿದ್ದರೆ ತನ್ನದಲ್ಲದ ಮುಕ್ಕಾಲು ಮನೆಗೂ ಅಪ್ಪ ಮಾತು ಕೊಟ್ಟಂತಾಗ್ತಿತ್ತು. "ಅವರೇನೂ ಕೇಳಲ್ಲ ಬಿಡಿ" ಅಂತ ಅಪ್ಪ ಅಂದರಂತೆ. "ಕೇಳಲ್ಲ ಅಂದ್ರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ ತನ್ನಿ" ಅಂದರು ವಕೀಲರು. ಆ ರಾತ್ರಿ ಹಾಸನದಿಂದ ಇಬ್ಬರು ಅತ್ತೆಯರಿಗೂ ಫೋನ್ ಹೋಯಿತು. ದೊಡ್ಡತ್ತೆಗೆ ತಮಗೂ ಪಾಲಿದೆ ಅಂತ ತಿಳಿದದ್ದೇ ಅವತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ.

ಪಾಲಿನಿಂದ ಲಾಭವೂ ಆಯ್ತು ನೋಡಿ. ನಾಲ್ವರು ಮಾರಿದರೆ ತೆರಿಗೆ ಲೆಕ್ಕವೂ ನಾಲ್ಕಾಗುತ್ತೆ. ಒಬ್ಬೊಬ್ಬರೂ ತಮ್ಮ ಪಾಲಿನ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳೋಕೆ ಹಾಕಬಹುದು (ಆಗಿನ ಸೆಕ್ಷನ್ 54), ಅಥವಾ ಆರು ತಿಂಗಳೊಳಗೆ ಆಗಿನ 54ಇಸಿ ಬಾಂಡಿನಲ್ಲಿ ಐದು ವರ್ಷಕ್ಕೆ ಇಡಬಹುದು. ಆಗ ಆ ಲಾಭಕ್ಕೆ ತೆರಿಗೆಯೇ ಇಲ್ಲ. ಅಂದರೆ ಯಾವ ತೆರಿಗೆ ಉಳಿಸೋಕೆ 31 ಲಕ್ಷದ ಸುಳ್ಳು ಬೇಕಿತ್ತೋ, ಅದರಲ್ಲಿ ಬಹುಪಾಲನ್ನು ಕಾನೂನೇ ಬಿಡುತ್ತೆ. (ಮಾರುವವರಲ್ಲಿ ಯಾರಾದರೂ ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ್ದರೆ ಟಿಡಿಎಸ್ ನಿಯಮವೇ ಬೇರೆ, 1% ಅಲ್ಲ. ಮೊದಲೇ ಆಡಿಟರಿಗೆ ಹೇಳಿ.)

ಸಲಹೆಗೆ ಹೋಗುವಾಗ ಮೂಲಪತ್ರ, ಇ.ಸಿ., ಖಾತೆ, ಕಂದಾಯ ರಶೀದಿ, ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ಹೋಗಿ. ಬ್ರೋಕರ್ ತೋರಿಸಿದ ವಕೀಲರು ಬೇಡ. ಅವರು ಕೆಟ್ಟವರು ಅಂತಲ್ಲ, ವ್ಯವಹಾರ ಮುಗಿದರೇ ಅವರಿಗೂ ಕೆಲಸ. ನಮ್ಮ ಗೆಳೆಯನ ಮನೆಯವರು ಇಬ್ಬರಿಗೂ ಸೇರಿ ಕೊಟ್ಟ ಫೀಸು ಹಾಸ್ಟೆಲಿನ ಒಂದು ಸೆಮಿಸ್ಟರ್ ಮೆಸ್ ಬಿಲ್ಲಿಗಿಂತ ಕಡಿಮೆ.

ನಗದಿನ ಗಿರಾಕಿ "ಪೂರ್ತಿ ಚೆಕ್ ಆದ್ರೆ ಆಗಲ್ಲ" ಅಂತ ಹೊರಟುಹೋದರು. ಮೂರು ತಿಂಗಳು ಯಾರೂ ಬರಲಿಲ್ಲ. ಆಗ ಅಪ್ಪ ನಮ್ಮ ಗೆಳೆಯನ ಮೇಲೆ ರೇಗಿದ್ದೂ ಉಂಟು. ಆಮೇಲೆ ಹೋಮ್ ಲೋನ್ ತಗೊಂಡು ಕೊಳ್ಳುವ ಮೇಷ್ಟ್ರೊಬ್ಬರು ಸಿಕ್ಕರು. 76 ಲಕ್ಷ, ಪೂರ್ತಿ ಬ್ಯಾಂಕಿನ ಮೂಲಕ. ನಾಲ್ಕು ಲಕ್ಷ ಕಡಿಮೆ, ಹೌದು. ನೋಂದಣಿ ದಿನ ಉಪನೋಂದಣಿ ಕಚೇರಿಗೆ ಇಬ್ಬರು ಅತ್ತೆಯರೂ ಬಂದಿದ್ದರು. ಅಜ್ಜಿಯ ಹೆಬ್ಬೆರಳಿನ ಗುರುತು ಯಂತ್ರ ಹಿಡಿಯದೆ ಅರ್ಧ ಗಂಟೆ ತಡವಾಯ್ತಂತೆ. ದೊಡ್ಡತ್ತೆ ತಮ್ಮ ಸೆರಗಿನಿಂದ ಆ ಬೆರಳು ಒರೆಸಿ ಒರೆಸಿ ಕೊನೆಗೆ ಹಿಡಿಸಿದರು.