ಬೂತ್ ಎಲ್ಲಿ ಅಂತ ಮೊಬೈಲ್ ಹೇಳುತ್ತೆ, ಸಿಗ್ನಲ್ ಸಿಕ್ಕರೆ!

ಇನ್ನೂರಾ ಒಂದು. 2023ರ ಮೇ 13ರಂದು ಶೃಂಗೇರಿ ವಿಧಾನಸಭಾ ಕ್ಷೇತ್ರದ ಫಲಿತಾಂಶ ಘೋಷಣೆಯಾದಾಗ ಕಾಂಗ್ರೆಸ್‌ನ ಟಿ.ಡಿ. ರಾಜೇಗೌಡರಿಗೂ ಬಿಜೆಪಿಯ ಡಿ.ಎನ್. ಜೀವರಾಜ್ ಅವರಿಗೂ ಇದ್ದ ಅಂತರ ಅಷ್ಟೇ. 2018ರಲ್ಲೂ ಇದೇ ಇಬ್ಬರ ನಡುವಿನ ಅಂತರ ಎರಡು ಸಾವಿರ ದಾಟಿರಲಿಲ್ಲ. 201 ಅಂದರೆ ನಮ್ಮ ಕಡೆಯ ಮದುವೆ ಊಟದ ಮೊದಲ ಪಂಕ್ತಿ. ಯಾರು ಗೆದ್ದರು, ಯಾರು ಸೋತರು ಅನ್ನುವುದು ಇಲ್ಲಿ ನನ್ನ ವಿಷಯವಲ್ಲ. ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಖಾತ್ರಿಯಾಗದೆ, ಯಾವ ಶಾಲೆಗೆ ಹೋಗಬೇಕು ಅಂತ ಗೊತ್ತಾಗದೆ ಮನೆಯಲ್ಲೇ ಉಳಿದವರು ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕು ಸೇರಿ ಒಂದು ಪಂಕ್ತಿಯಷ್ಟಾದರೂ ಇರುವುದಿಲ್ಲವೇ?

‘ಎಲ್ಲಾ ಆನ್‌ಲೈನಲ್ಲಿ ಇದೆಯಲ್ಲ’ ಅಂತ ನನ್ನ ಬೆಂಗಳೂರಿನ ಸಹೋದ್ಯೋಗಿಗಳು ಹೇಳುತ್ತಾರೆ. ಇದೆ, ನಿಜ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ವೋಟರ್ ಐಡಿಯ ಮೂರು ಅಕ್ಷರ, ಏಳು ಅಂಕಿ ಹೊಡೆದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ವಿಳಾಸ ಬರುತ್ತದೆ. ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಯಾರು ಅನ್ನುವುದೂ ಸಿಗುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಮತದಾರರ ಪಟ್ಟಿಯೇ ಇದೆ. ಆಪ್‌ಗಳಂತೂ ಒಂದೆರಡಲ್ಲ. ಮತದಾರರಿಗೆ ವೋಟರ್ ಹೆಲ್ಪ್‌ಲೈನ್, ಅಂಗವಿಕಲರಿಗೆ ಸಕ್ಷಮ್, ಅಕ್ರಮದ ದೂರಿಗೆ ಸಿ-ವಿಜಿಲ್, ಅಭ್ಯರ್ಥಿಯ ವಿವರಕ್ಕೆ ಇನ್ನೊಂದು. ಆಯೋಗಕ್ಕೇ ಇದು ಜಾಸ್ತಿಯಾಯಿತು ಅನ್ನಿಸಿರಬೇಕು. ನಲವತ್ತಕ್ಕೂ ಹೆಚ್ಚು ಆಪ್ ಮತ್ತು ಜಾಲತಾಣಗಳನ್ನು ಒಂದೇ ಕಡೆ ತರುವ ‘ಇಸಿಐನೆಟ್’ ಯೋಜನೆಯನ್ನು 2025ರಲ್ಲಿ ಪ್ರಕಟಿಸಿತು.

ಆದರೆ ಕಾರ್ಡು ಕೈಯಲ್ಲಿಲ್ಲದೆ ಹೆಸರಿನಿಂದ ಹುಡುಕಿ ನೋಡಿ. ಮೊದಲು ಜಿಲ್ಲೆ ಚಿಕ್ಕಮಗಳೂರು ಅನ್ನಬೇಕು. ಆಮೇಲೆ ಬರುವ ಕ್ಷೇತ್ರಗಳ ಸಾಲಿನಲ್ಲಿ ಕೊಪ್ಪವೂ ಇಲ್ಲ, ನರಸಿಂಹರಾಜಪುರವೂ ಇಲ್ಲ. ಇರುವುದು ‘123 - ಶೃಂಗೇರಿ’. ಲೋಕಸಭೆಗಾದರೆ ನಾವು ಉಡುಪಿ-ಚಿಕ್ಕಮಗಳೂರು. ಇದೆಲ್ಲ ಪೇಪರ್ ಓದುವವರಿಗೆ ಗೊತ್ತಿರುವ ಸಂಗತಿ. ಮೊದಲ ಸಲ ವೋಟು ಹಾಕುವ ಎನ್.ಆರ್. ಪುರದ ಹುಡುಗಿಗೆ ‘ನಮ್ಮ ಊರೇ ಇಲ್ವಲ್ಲ’ ಅನ್ನಿಸಿ ಅಲ್ಲಿಗೇ ಕೈಬಿಡುವುದು ಸಹಜ. ಅದನ್ನು ದಾಟಿದರೆ ಕಾಗುಣಿತ. ಪಟ್ಟಿಯಲ್ಲಿ ಹೇಗೆ ಬರೆದಿದ್ದಾರೋ ಅದಕ್ಕೆ ಹತ್ತಿರದಲ್ಲಿ ಬರೆದರೆ ಮಾತ್ರ ಹೆಸರು ಸಿಗುತ್ತದೆ. ಮದುವೆಯಾಗಿ ಬಂದವರ ಹೆಸರಿನ ಪಕ್ಕ ಅಪ್ಪನ ಹೆಸರಿದೆಯೋ ಗಂಡನದೋ ಅವರಿಗೇ ನೆನಪಿರುವುದಿಲ್ಲ. ಇಡೀ ಪಟ್ಟಿ ಇಳಿಸಿಕೊಂಡು ಹುಡುಕೋಣವೆಂದರೆ ಅದು ಚಿತ್ರರೂಪದ ಪಿಡಿಎಫ್, ಹೆಸರು ಟೈಪ್ ಮಾಡಿ ಹುಡುಕಲಾಗದು. ಅಕ್ಷರರೂಪದ ಪಟ್ಟಿ ಬೇಕು ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋದವರಿದ್ದಾರೆ. 2018ರಲ್ಲಿ ಕೋರ್ಟ್ ಒಪ್ಪಲಿಲ್ಲ. ಮತದಾರರ ಮಾಹಿತಿ ದುರ್ಬಳಕೆಯಾಗಬಾರದು ಅನ್ನುವ ಆಯೋಗದ ವಾದ ನನಗೂ ಅರ್ಥವಾಗುತ್ತದೆ. ಆದರೂ ನೂರಾರು ಹೆಸರುಗಳ ಮೇಲೆ ಬೆರಳಿಟ್ಟು ಹುಡುಕುವ ಕಷ್ಟ ಅರ್ಥವಾಗದೆ ಇರುವುದಿಲ್ಲ.

ಇದೆಲ್ಲಕ್ಕೂ ಮೊದಲು ಸಿಗ್ನಲ್ ಬೇಕು. ನಮ್ಮದು ತೋಟಕ್ಕೊಂದು ಮನೆ ಇರುವ ಸೀಮೆ. ಮನೆಯಿಂದ ಮನೆಗೆ ಹೋಗಲು ಒಂದು ಹಳ್ಳ, ಒಂದು ಕಾಲುಸಂಕ. ಫೋನ್ ಮಾಡಬೇಕೆಂದರೆ ಗುಡ್ಡದ ನೆತ್ತಿಗೋ ಬಸ್‌ಸ್ಟ್ಯಾಂಡಿಗೋ ಹೋಗಬೇಕಾದ ಮನೆಗಳು ಇವತ್ತಿಗೂ ಇವೆ. 2021ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳವರು ‘ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ’ ಅಂತ ಬೋರ್ಡು ಹಿಡಿದಿದ್ದರು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಅನ್ನುವುದು ಆಯೋಗದ ಲೆಕ್ಕ. ನಕ್ಷೆಯ ಮೇಲಿನ ಎರಡು ಕಿಲೋಮೀಟರ್ ಮಲೆನಾಡಿನಲ್ಲಿ ಎಷ್ಟು ಏರು, ಎಷ್ಟು ಇಳಿಜಾರು ಅಂತ ನಡೆದವರಿಗೇ ಗೊತ್ತು. ಹಾಗೆ ನಡೆದು ಹೋದಮೇಲೆ ‘ನಿಮ್ಮ ಹೆಸರು ಇಲ್ಲಿಲ್ಲ, ಆಚೆ ಶಾಲೆಯಲ್ಲಿ ನೋಡಿ’ ಅಂದರೆ ಎಪ್ಪತ್ತು ದಾಟಿದವರು ಆಚೆ ಶಾಲೆಗಲ್ಲ, ಸೀದಾ ಮನೆಗೆ ಹೋಗುತ್ತಾರೆ.

ನನಗೆ ಇದು ಮನಸ್ಸಿಗೆ ಹತ್ತಿದ್ದು ನಮ್ಮ ನೆರೆಮನೆಯ ಅಜ್ಜಿಯಿಂದ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೆ ಮನೆಯಿಂದಲೇ ಮತದಾನದ ಅವಕಾಶವಿತ್ತು. 12ಡಿ ಅನ್ನುವ ನಮೂನೆ ತುಂಬಿ ಕೊಡಬೇಕು, ಅದೂ ಅಧಿಸೂಚನೆ ಬಂದ ಐದು ದಿನದೊಳಗೆ. ಅಜ್ಜಿಗೆ ಆಗ 81. ಸಿಬ್ಬಂದಿ ಮನೆಗೇ ಬಂದು, ಜಗಲಿಯಲ್ಲಿ ಮರೆ ಕಟ್ಟಿ, ವೋಟು ಹಾಕಿಸಿಕೊಂಡು ಹೋಗಿದ್ದರು. ಮರುವರ್ಷ ಲೋಕಸಭಾ ಚುನಾವಣೆ ಬಂತು. ಅಜ್ಜಿ ಸೀರೆ ಮಡಿಚಿಟ್ಟುಕೊಂಡು ದಿನಾ ಗೇಟಿನ ಕಡೆ ನೋಡುವುದು. ಅವರ ಮನೆಯವರ ಫೋನಿನಲ್ಲಿ ‘80 ದಾಟಿದವರಿಗೆ ಮನೆಯಲ್ಲೇ ಮತದಾನ’ ಅನ್ನುವ ಸುದ್ದಿಯ ತುಣುಕು ಬೇರೆ ಇತ್ತು. ಸುದ್ದಿ ಸುಳ್ಳಲ್ಲ, ಹಳೆಯದು. 2024ರ ಮಾರ್ಚ್ 1ರ ಅಧಿಸೂಚನೆಯಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದ್ದರು. ನಾನು ಫೋನಿನಲ್ಲಿ ಇದನ್ನು ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: ‘ಹೋದ ವರ್ಷ ಬಂದೋರು ಈ ವರ್ಷ ಯಾಕೆ ಬರಲ್ಲ ಮಗಾ? ನಂಗೆ ಪ್ರಾಯ ಕಮ್ಮಿ ಆಯ್ತಾ?’

ಏಪ್ರಿಲ್ 26ರ ಶುಕ್ರವಾರ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಜೀಪು ನಿಲ್ಲುವಲ್ಲಿಂದ ಮತಗಟ್ಟೆಯ ಮೆಟ್ಟಿಲವರೆಗೆ ಅರ್ಧ ಗಂಟೆ ಹಿಡಿಯಿತು. ಮೊದಲೇ ಗೊತ್ತಿದ್ದರಿಂದ ಜೀಪು ಹೇಳಿಟ್ಟಿದ್ದೆವು. ಗೊತ್ತಿಲ್ಲದೆ ಗೇಟು ನೋಡುತ್ತ ಕೂತ ಅಜ್ಜಿಯರು ಎಷ್ಟು ಮನೆಯಲ್ಲಿದ್ದರೋ. ಚುನಾವಣೆಯ ಮಾಹಿತಿಗೆ ಹಾಲಿನ ಪ್ಯಾಕೆಟ್ಟಿನ ಹಾಗೆ ದಿನಾಂಕ ಬೇಕು ಅಂತ ನನಗೆ ಅನ್ನಿಸಿದ್ದು ಆವಾಗ. ಯಾವ ಚುನಾವಣೆಗೆ, ಯಾವತ್ತು ಬರೆದದ್ದು ಅನ್ನುವುದು ದೊಡ್ಡ ಅಕ್ಷರದಲ್ಲಿ ಮೇಲೇ ಇರಬೇಕು. ಸರ್ಕಾರಿ ಜಾಲತಾಣದಲ್ಲೂ ಇರಬೇಕು, ನಾವು ಫಾರ್ವರ್ಡ್ ಮಾಡುವ ಚಿತ್ರದಲ್ಲೂ ಇರಬೇಕು.

ಹಳೆಯ ಸತ್ಯದ ಕಥೆ ಹೀಗಾದರೆ, ಪೂರ್ತಿ ಸುಳ್ಳಿನದ್ದು ಬೇರೆ. ಪ್ರತಿ ಚುನಾವಣೆಗೂ ತಪ್ಪದೆ ಬರುವ ಒಂದು ವಾಟ್ಸ್ಆ್ಯಪ್ ಸಂದೇಶವಿದೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ‘ಸೆಕ್ಷನ್ 49ಎ’ ಪ್ರಕಾರ ಚಾಲೆಂಜ್ ವೋಟ್ ಕೇಳಿ, ಒಂದು ಬೂತಿನಲ್ಲಿ ಟೆಂಡರ್ ವೋಟ್ ಶೇ 14 ದಾಟಿದರೆ ಮರುಮತದಾನ. ಓದಿದರೆ ಯಾರೋ ವಕೀಲರೇ ಬರೆದಂತಿದೆ. ಆದರೆ ಚುನಾವಣಾ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ! ಚಾಲೆಂಜ್ ಮಾಡುವುದು ಮತದಾರರಲ್ಲ, ಪಕ್ಷದ ಏಜೆಂಟರು. ‘ಇವರು ಆ ವ್ಯಕ್ತಿಯಲ್ಲ’ ಅಂತ ಎರಡು ರೂಪಾಯಿ ಠೇವಣಿ ಇಟ್ಟು ಅವರು ತಕರಾರು ತೆಗೆಯಬಹುದು. ಟೆಂಡರ್ ಮತ ನಿಜವಾಗಿ ಇದೆ. ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು ಆಗಲೇ ಹಾಕಿಬಿಟ್ಟಿದ್ದರೆ, ನೀವು ನೀವೇ ಅಂತ ಖಾತ್ರಿಯಾದ ಮೇಲೆ ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿಡುತ್ತಾರೆ. ಶೇ 14ರ ನಿಯಮ ಎಲ್ಲೂ ಇಲ್ಲ. ಆ ಬೂತಿನ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಆಧಾರ್ ಹಿಡಿದು ಎಷ್ಟು ವಾದಿಸಿದರೂ ವೋಟಿಲ್ಲ. ಈ ಸಂದೇಶದ ನಿಜವಾದ ಹಾನಿ ಅದೇ. ‘ಹೆಸರಿಲ್ಲದಿದ್ದರೂ ನಡೆಯುತ್ತೆ’ ಅಂತ ನಂಬಿದವರು ಮೊದಲೇ ಪಟ್ಟಿ ನೋಡುವುದಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದಮೇಲೆ ಆ ಚುನಾವಣೆಗೆ ಹೆಸರು ಸೇರಿಸಲು ಬರುವುದಿಲ್ಲ. ಇಂಥ ಸುಳ್ಳುಗಳಿಗೆ ಉತ್ತರ ಕೊಡಲೆಂದೇ ಆಯೋಗ 2024ರ ಏಪ್ರಿಲ್‌ನಲ್ಲಿ ಜಾಲತಾಣದಲ್ಲಿ ‘ಮಿಥ್ ವರ್ಸಸ್ ರಿಯಾಲಿಟಿ’ ಪುಟ ತೆರೆಯಿತು. ಹೆಸರೇ ಇಂಗ್ಲಿಷಿನಲ್ಲಿದೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ಸುಳ್ಳು ಮಾತ್ರ ಅಚ್ಚಗನ್ನಡದಲ್ಲಿ ಬರುತ್ತದೆ.

ಹಾಗಾಗಿ ಕಳೆದ ಚುನಾವಣೆಯಿಂದ ನಾವೊಂದಿಷ್ಟು ಜನ ಒಂದು ಕೆಲಸ ಹಿಡಿದಿದ್ದೇವೆ. ಊರಿಗೆ ಹೋದಾಗ ಅಕ್ಕಪಕ್ಕದ ಮನೆಗಳ ವೋಟರ್ ಐಡಿ ಸಂಖ್ಯೆ ಬರೆದುಕೊಳ್ಳುವುದು, ಸಿಗ್ನಲ್ ಇರುವಲ್ಲಿ ಕೂತು ಹುಡುಕುವುದು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಶಾಲೆಯ ಹೆಸರು ಮೂರನ್ನೂ ಚೀಟಿಯಲ್ಲಿ ಬರೆದು ವಾಪಸ್ ಕೊಡುವುದು. ಸಂಖ್ಯೆಗಳನ್ನು ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ಯಾವ ಪಕ್ಷದ ಗ್ರೂಪಿಗೂ ಹಾಕುವುದಿಲ್ಲ. ಇಂಟರ್ನೆಟ್ ಇಲ್ಲದವರಿಗೆ 1950ಕ್ಕೆ ಕರೆ ಮಾಡಬಹುದು ಅಂತಲೂ ಬರೆಯುತ್ತೇವೆ. ಶಾಲೆಯ ಹೆಸರಿನ ಪಕ್ಕ ಊರವರು ಕರೆಯುವ ಗುರುತು ಬರೆದರೆ ಮಾತ್ರ ಚೀಟಿಗೆ ಬೆಲೆ. ಪೋರ್ಟಲ್‌ನಲ್ಲಿ ‘ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಪೂರ್ವ ಭಾಗದ ಕೊಠಡಿ’ ಅಂತಿದ್ದರೆ ನಮ್ಮೂರಲ್ಲಿ ಅದು ‘ಮಕ್ಕಳಿಲ್ಲದೆ ಮುಚ್ಚಿತಲ್ಲ, ಆ ಶಾಲೆ’.

ಒಬ್ಬ ಚಿಕ್ಕಪ್ಪ ಆ ಚೀಟಿಯನ್ನು ಜೋಪಾನವಾಗಿ ರೇಷನ್ ಕಾರ್ಡಿನೊಳಗೆ ಇಟ್ಟು, ‘ಇದು ಪಂಚಾಯ್ತಿಗೂ ಆಗುತ್ತಲ್ಲ?’ ಅಂದರು. ಆಗುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ಜಾಲತಾಣವೇ ಬೇರೆ, ಪಟ್ಟಿ ವಾರ್ಡುವಾರು, ಬೂತ್ ಬದಲಾಗಬಹುದು. ನೈಋತ್ಯ ಪದವೀಧರ ಕ್ಷೇತ್ರದ್ದು ಇನ್ನೊಂದೇ ದಾರಿ. ಹಿಂದಿನ ಸಲ ಹೆಸರಿದ್ದರೂ ಪ್ರತಿ ಚುನಾವಣೆಗೆ ಹೊಸದಾಗಿ ನಮೂನೆ 18 ತುಂಬಬೇಕು. 2024ರ ಜೂನ್ 3ರಂದು ಅದರ ಮತದಾನ ನಡೆದಾಗ ನನ್ನ ಜೊತೆ ಡಿಗ್ರಿ ಮುಗಿಸಿದ ಹಲವರಿಗೆ ಇದು ಗೊತ್ತೇ ಇರಲಿಲ್ಲ. ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಿ ಮುಗಿಸಿದಾಗ ಅವರು ಚೀಟಿ ಹೊರಗೆ ತೆಗೆದು, ಪೆನ್ನು ಕೇಳಿ, ಮೇಲೆ ‘ಲೋಕಸಭೆ, 2024’ ಅಂತ ಬರೆದರು.