ಮಳೆಯೂರಿನ ಕಾರು, ಬಿಸಿಲೂರಿನ ಟ್ರ್ಯಾಕು

ವಿರಾಜಪೇಟೆಯ ಹುಡುಗರಿಗೆ ತಿರುವುಗಳ ಭಯ ಇಲ್ಲ. ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿದು ಕೇರಳದ ಗಡಿ ಮುಟ್ಟುವುದು ಅವರಿಗೆ ಅಂಗಡಿಗೆ ಹೋಗಿ ಬಂದಷ್ಟೇ ಸಲೀಸು. ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ನೋಡಿ ಬೆಳೆದವರು ಅವರು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ರೋಬಸ್ಟಾ ರ‍್ಯಾಲಿ ಇದೇ ಕೊಡಗು ಜಿಲ್ಲೆಯ ಕಾಫಿ ತೋಟದ ಹಾದಿಗಳಲ್ಲಿ ಧೂಳೆಬ್ಬಿಸಿದೆ. ಇಲ್ಲದಿರುವುದು ಡಾಂಬರಿನ ರೇಸ್ ಟ್ರ್ಯಾಕ್ ಒಂದೇ. ಅದಕ್ಕೆ ಕೊಯಮತ್ತೂರಿಗೆ ಇಳಿಯಬೇಕು. ಅಲ್ಲಿನ ಚೆಟ್ಟಿಪಾಳಯದಲ್ಲಿ ರೇಸರ್ ಎಸ್. ಕರಿವರ್ಧನ್ ಹೆಸರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಇನ್ನೂ ದೂರ ಹೋಗುವ ಮನಸ್ಸಿದ್ದರೆ ಚೆನ್ನೈ ಹತ್ತಿರದ ಇರುಂಗಾಟುಕೋಟೈನ 3.7 ಕಿ.ಮೀ. ಟ್ರ್ಯಾಕ್ ಇದೆ. ಸ್ವಂತ ಕಾರು ಒಯ್ದು, ಶುಲ್ಕ ಕಟ್ಟಿ, ಎದುರು ಬರುವ ಬಸ್ಸಿನ ಚಿಂತೆಯಿಲ್ಲದೆ ಓಡಿಸುವ ‘ಟ್ರ್ಯಾಕ್ ಡೇ’ ಈಗ ಪೋಲೊ ಜಿಟಿ, ಸ್ವಿಫ್ಟ್, ಐ20 ಎನ್ ಲೈನ್ ಇಟ್ಟುಕೊಂಡವರ ಹೊಸ ಹುಚ್ಚು.

ಹೊರಡುವ ಮೊದಲು ಎಲ್ಲರೂ ಮಾತಾಡುವುದು ಇಂಜಿನ್ ಬಗ್ಗೆ. ಎಕ್ಸಾಸ್ಟ್ ಬದಲಿಸಲೇ, ರೀಮ್ಯಾಪ್ ಮಾಡಿಸಲೇ ಎಂಬ ಚರ್ಚೆ. ನನ್ನನ್ನು ಕೇಳಿದರೆ ಆ ದುಡ್ಡು ಹಾಗೇ ಇರಲಿ. ಕೊಡಗಿನ ಕಾರಿಗೆ ಬೇರೆಯದೇ ಕಾಯಿಲೆ ಇದೆ, ಅದರ ಹೆಸರು ನೀರು.

ಘಾಟಿ ಕಲಿಸಿದ ಪಾಠ ಟ್ರ್ಯಾಕ್‌ನಲ್ಲಿ ಪೂರ್ತಿ ನಡೆಯುವುದಿಲ್ಲ ಎನ್ನುವುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಘಾಟಿಯಲ್ಲಿ ಗೇರಿನಲ್ಲೇ ಇಳಿಸುತ್ತೇವೆ, ಬ್ರೇಕಿಗೆ ಆದಷ್ಟು ಕಡಿಮೆ ಕೆಲಸ ಕೊಡುತ್ತೇವೆ. ಟ್ರ್ಯಾಕ್‌ನಲ್ಲಿ ನೇರ ರಸ್ತೆ ಮುಗಿಯುವವರೆಗೂ ಆಕ್ಸಿಲರೇಟರ್ ಒತ್ತಿ, ಕೊನೆಯಲ್ಲಿ ಒಮ್ಮೆಲೇ ಬ್ರೇಕ್ ತುಳಿಯಬೇಕು. ಒಂದು ಟನ್ ತೂಕದ ಕಾರು 140 ಕಿ.ಮೀ. ವೇಗದಿಂದ 60ಕ್ಕೆ ಇಳಿದರೆ ಹುಟ್ಟುವ ಬಿಸಿ, ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅದು ಒಂದು ತಿರುವಿನ ಲೆಕ್ಕ. ಇಂಥವು ಒಂದು ಸುತ್ತಿನಲ್ಲಿ ಹಲವು ಬರುತ್ತವೆ. ತುಳಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಆ ಬಿಸಿಯ ಬಹುಪಾಲು ಮುಂದಿನ ಎರಡು ಡಿಸ್ಕ್‌ಗಳ ಪಾಲು.

ಈಗ ಬ್ರೇಕ್ ಆಯಿಲ್ ವಿಷಯ. ಇದು ಗಾಳಿಯಲ್ಲಿನ ತೇವವನ್ನು ಹೀರುವ ದ್ರವ. ರಬ್ಬರ್ ಹೋಸ್‌ಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ನೀರಿನಂಶ ನಿಧಾನಕ್ಕೆ ಒಳಗಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಹಾಕಿದ ಬಟ್ಟೆಯೇ ಒಣಗದ ಊರಿನಲ್ಲಿ ಬ್ರೇಕ್ ಆಯಿಲ್ ಮಾತ್ರ ಒಣಗಿರುತ್ತದೆಯೇ? ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎನ್ನುವುದು ನಿಯಮ. ಅದೇ ಆಯಿಲ್ ಶೇಕಡಾ 3.7ರಷ್ಟು ನೀರು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 140. ಊರೊಳಗಿನ ಓಡಾಟಕ್ಕೆ ಇದು ಸಾಕು, ಯಾರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಟ್ರ್ಯಾಕ್‌ನ ನಾಲ್ಕನೆಯ ಸುತ್ತಿನಲ್ಲಿ ತಿಳಿಯುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲಕ್ಕೇ ಹೋಗುತ್ತದೆ.

ಬಿಸಿ ಹೆಚ್ಚಾಗಿ ಬ್ರೇಕ್ ಪ್ಯಾಡ್ ಕೈಕೊಡುವ ರೀತಿ ಬೇರೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ಹಿಡಿಯುವುದಿಲ್ಲ. ಈ ಎರಡನ್ನೂ ಕಾಲಿನಲ್ಲೇ ಗುರುತಿಸಬೇಕು, ಏಕೆಂದರೆ ಮದ್ದು ಬೇರೆ ಬೇರೆ.

ಆಯಿಲ್ ಬದಲಿಸುವುದೆಂದರೆ ಡಬ್ಬಿಗೆ ಮೇಲಿಂದ ಸುರಿಯುವುದಲ್ಲ. ಒಬ್ಬ ಸೀಟಿನಲ್ಲಿ, ಇನ್ನೊಬ್ಬ ಚಕ್ರದ ಬಳಿ ಕೂರಬೇಕು. ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ‘ಪಂಪ್ ಹೊಡೀರಣ್ಣ... ಹಿಡ್ಕೊಳಿ... ಹಾಂ, ಬಿಡ್ಬೇಡಿ’ ಎನ್ನುತ್ತಲೇ ಮೆಕ್ಯಾನಿಕ್ ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸುತ್ತಾನೆ. ಪೈಪಿನಲ್ಲಿ ಮೊದಲು ಬರುವುದು ಕಡುಗಂದು, ಆಮೇಲೆ ಚಹಾದ ಬಣ್ಣ, ಕೊನೆಗೆ ತಿಳಿ ಹಳದಿ. ಗುಳ್ಳೆ ನಿಲ್ಲುವವರೆಗೆ, ನಾಲ್ಕೂ ಚಕ್ರಕ್ಕೆ ಇದೇ ಸರದಿ. ಸೀಲ್ ಒಡೆದು ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೂತ ಅರ್ಧ ಬಾಟಲಿಯನ್ನು ಮಾತ್ರ ಹಾಕಿಸಬೇಡಿ. ಅದೂ ಅದೇ ಗಾಳಿ ಕುಡಿದಿದೆ. ಡಾಟ್ 5.1 ಹಾಕಿದರೆ ಇನ್ನೂ ಒಳ್ಳೆಯದು. ಹೆಸರು ಹತ್ತಿರವಿದೆಯೆಂದು ಡಾಟ್ 5 ತಂದರೆ ಕೆಟ್ಟಿತು, ಅದು ಸಿಲಿಕೋನ್ ಜಾತಿಯದು, ಡಾಟ್ 4, 5.1ರ ಜೊತೆ ಬೆರೆಯುವುದಿಲ್ಲ.

ಚಕ್ರ ಬಿಚ್ಚಿದಾಗಲೇ ಕ್ಯಾಲಿಪರ್ ಪಿನ್ ನೋಡಿಸಿ. ತೋಟದ ಕೆಸರು ಮತ್ತು ಮಳೆನೀರು ಸೇರಿ ಪಿನ್ ಜಾಮ್ ಆದ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಳಗಿನ ಪ್ಯಾಡ್ ತಗಡಿನವರೆಗೆ ಸವೆದು, ಹೊರಗಿನದು ಹೊಸದರಂತೆ ಇದ್ದರೆ ಕಾರಣ ಇದೇ. ಪಿನ್ ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದರೆ ಮುಗಿಯಿತು. ಪ್ಯಾಡ್‌ಗಳನ್ನು ಮಾತ್ರ ಹೆಚ್ಚು ಬಿಸಿ ತಡೆಯುವ ದರ್ಜೆಯವಕ್ಕೆ ಬದಲಿಸಿಕೊಳ್ಳಿ, ಹೊರಡುವ ಮೊದಲೇ ಖಾಲಿ ರಸ್ತೆಯಲ್ಲಿ ಹದವಾಗಿ ಬ್ರೇಕ್ ಹಾಕುತ್ತಾ ಡಿಸ್ಕ್‌ಗೆ ಕೂರಿಸಿಕೊಳ್ಳಿ. ದೊಡ್ಡ ಡಿಸ್ಕ್, ಕೆಂಪು ಕ್ಯಾಲಿಪರ್ ಎಲ್ಲ ಮೊದಲ ವರ್ಷಕ್ಕೆ ಬೇಡ. ಹಿಂದೆ ಡ್ರಮ್ ಇರುವ ಸ್ವಿಫ್ಟ್ ಕೂಡ ಒಳ್ಳೆ ಆಯಿಲ್, ಒಳ್ಳೆ ಪ್ಯಾಡ್ ಇದ್ದರೆ ಇಡೀ ದಿನ ಮರ್ಯಾದೆಯಿಂದ ಓಡುತ್ತದೆ.

ಟಯರ್‌ನಲ್ಲೂ ಮಳೆಯದೇ ತಗಾದೆ. ಇಲ್ಲಿ ನಾವು ಆಳವಾದ ಗೆರೆಯ ಟಯರ್ ಹುಡುಕುತ್ತೇವೆ, ಅದು ಸರಿಯೇ. ಒಣ ಟ್ರ್ಯಾಕ್‌ನಲ್ಲಿ ಅದೇ ಆಳದ ರಬ್ಬರ್ ಗುಬಟುಗಳು ಅತ್ತಿತ್ತ ವಾಲಾಡಿ ಕಾಯುತ್ತವೆ, ಅಂಚಿನಲ್ಲಿ ಚೂರು ಚೂರಾಗಿ ಕಿತ್ತು ಬರುತ್ತವೆ. ಹಾಗಾಗಿ ಅರ್ಧ ಸವೆದ ಟಯರ್ ಅಲ್ಲಿ ಹೊಸದಕ್ಕಿಂತ ಮೇಲು. ಆದರೆ 1.6 ಮಿ.ಮೀ. ಗುರುತು ಮುಟ್ಟಿರಬಾರದು, ಹಳತೂ ಆಗಿರಬಾರದು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ: 2322 ಎಂದಿದ್ದರೆ 2022ರ 23ನೇ ವಾರದ ಸರಕು.

ಗಾಳಿಯನ್ನು ವಿರಾಜಪೇಟೆಯಲ್ಲಿ ಹಿಡಿಸಿ ನಿಶ್ಚಿಂತೆಯಾಗಿ ಹೊರಡುವುದರಿಂದ ಪ್ರಯೋಜನವಿಲ್ಲ. ಚಳಿಯ ಬೆಳಗ್ಗೆ ಇಲ್ಲಿ ನೋಡಿದ ಅಂಕಿ ಬಯಲಿನ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಟಯರ್ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಟ್ರ್ಯಾಕ್‌ನಲ್ಲಿ ಕೆಲವು ಸುತ್ತು ಹಾಕಿ ಬಂದು, ಬಿಸಿ ಇರುವಾಗಲೇ ಸ್ವಂತ ಗೇಜ್‌ನಲ್ಲಿ ಅಳೆದು ಹೆಚ್ಚಿದ್ದನ್ನು ಇಳಿಸಬೇಕು. ಎಷ್ಟು ಇಳಿಸಬೇಕೆಂದು ಟಯರೇ ಹೇಳುತ್ತದೆ. ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆದು ಓಡಿಸಿ. ಗೆರೆ ಅಳಿಸಿ ಪಕ್ಕದ ಗೋಡೆಯವರೆಗೂ ಉಜ್ಜಿದ್ದರೆ ಗಾಳಿ ಸಾಲದು, ಗೆರೆ ಮುಟ್ಟದೇ ಉಳಿದಿದ್ದರೆ ಗಾಳಿ ಜಾಸ್ತಿ.

ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿಸಿ, ಪ್ರತಿ ಓಟದ ನಂತರ ಮತ್ತೆ ನೋಡಬೇಕು. ಮಾಮೂಲಿ ವಿಮೆ ರೇಸಿಂಗಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ ಎನ್ನುವುದೂ ಗೊತ್ತಿರಲಿ.

ಓಟ ಮುಗಿಸುವಾಗ ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ನಿಧಾನಕ್ಕೆ ಹಾಕಿ. ಕಾರು ನಿಲ್ಲಿಸಿದ ಮೇಲೆ ಘಾಟಿ ಊರಿನವರ ಕೈ ತಾನಾಗಿ ಹ್ಯಾಂಡ್‌ಬ್ರೇಕ್ ಎಳೆಯುತ್ತದೆ, ಎಳೆಯಬೇಡಿ. ಕೆಂಡವಾದ ಡ್ರಮ್ಮಿಗೋ ಡಿಸ್ಕಿಗೋ ಲೈನಿಂಗ್ ಒತ್ತಿಕೊಂಡೇ ಕೂತರೆ ಅಲ್ಲೇ ಅಂಟಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು. ಸಂಜೆ ಮನೆಗೆ ಹೊರಡುವ ಮುನ್ನ ಪ್ಯಾಡ್ ಎಷ್ಟು ಉಳಿದಿದೆ ನೋಡಿ. 3 ಮಿ.ಮೀ.ಗಿಂತ ತೆಳುವಾಗಿದ್ದರೆ, ಬದಲಿಸಿದಾಗ ತೆಗೆದು ಡಿಕ್ಕಿಯಲ್ಲಿಟ್ಟ ಹಳೆಯ ಪ್ಯಾಡ್ ಜೊತೆಯನ್ನು ಅಲ್ಲೇ ಹಾಕಿಕೊಂಡು ಹೊರಡಿ.